ಕಕ್ಷಿದಾರರ ವಿಶ್ವಾಸ ಮತ್ತು ವಕೀಲರ ಜಾಲತಾಣ ಬಳಕೆ

ವಕೀಲಿಯನ್ನು ವ್ಯಾಪಾರವೆಂದು ಎಣಿಸದೆ ನ್ಯಾಯದಾನದ ಅಂಗವೆಂದು ಕಾಣುವ ಪರಂಪರೆಗೆ ಭಾರತದಲ್ಲಿ ಕಾನೂನಿನ ಬಲವೂ ಇದೆ. 1961ರ ವಕೀಲರ ಅಧಿನಿಯಮದ 49ನೇ ಕಲಮು ನೀಡಿದ ಅಧಿಕಾರದಿಂದ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ವೃತ್ತಿ ನಡತೆಯ ನಿಯಮಗಳು ನ್ಯಾಯಾಲಯ, ಕಕ್ಷಿದಾರ, ಎದುರುಪಕ್ಷ ಹಾಗೂ ಸಹವಕೀಲರ ಬಗ್ಗೆ ವಕೀಲರಿಗಿರುವ ಕರ್ತವ್ಯಗಳನ್ನು ಬೇರೆ ಬೇರೆಯಾಗಿ ನಿರೂಪಿಸುತ್ತವೆ. ಫೇಸ್‌ಬುಕ್, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳು ಹುಟ್ಟುವ ಮೊದಲೇ ರಚಿತವಾದ ಈ ನಿಯಮಗಳು ಇಂದಿನ ಮೊಬೈಲ್ ಪರದೆಗೆ ಹೇಗೆ ಅನ್ವಯಿಸುತ್ತವೆ ಎಂಬುದೇ ಈ ವಿಚಾರ ಸಂಕಿರಣದ ಮುಂದಿರುವ ಪ್ರಶ್ನೆ. ಮಾಧ್ಯಮ ಬದಲಾದ ಮಾತ್ರಕ್ಕೆ ಕರ್ತವ್ಯ ಬದಲಾಗದು ಎಂಬುದು ಈ ಭಾಷಣದ ಆಶಯ.

ಮೊದಲನೆಯದು ಜಾಹೀರಾತಿನ ವಿಚಾರ. ಪರಿಷತ್ತಿನ 36ನೇ ನಿಯಮವು ಸುತ್ತೋಲೆ, ಜಾಹೀರಾತು, ದಲ್ಲಾಳಿಗಳ ಮೂಲಕ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಯಾಚಿಸುವುದನ್ನು, ತಾವು ನಡೆಸಿದ ಪ್ರಕರಣಗಳಿಗೆ ಸಂಬಂಧಿಸಿ ಪತ್ರಿಕೆಗಳಲ್ಲಿ ಭಾವಚಿತ್ರ ಪ್ರಕಟವಾಗುವಂತೆ ಮಾಡುವುದನ್ನು ನಿಷೇಧಿಸುತ್ತದೆ. 2008ರ ತಿದ್ದುಪಡಿಯು ಹೆಸರು, ವಿಳಾಸ, ನೋಂದಣಿ ವಿವರ, ವಿದ್ಯಾರ್ಹತೆ ಮತ್ತು ವಕೀಲಿಯ ಕ್ಷೇತ್ರದಂಥ ಮಾಹಿತಿಯನ್ನು ಅಂತರಜಾಲ ತಾಣದಲ್ಲಿ ನೀಡಲು ಅವಕಾಶ ಕಲ್ಪಿಸಿತು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆನ್‌ಲೈನ್ ವೇದಿಕೆಗಳ ಮೂಲಕ ಕೆಲಸ ಯಾಚಿಸುವ ವಕೀಲರ ಮೇಲೆ ಶಿಸ್ತುಕ್ರಮಕ್ಕೆ ನಿರ್ದೇಶಿಸಿತು. 2025ರ ಮಾರ್ಚ್‌ನಲ್ಲಿ ಪರಿಷತ್ತು ಪ್ರಚಾರದ ವೀಡಿಯೊಗಳ ವಿರುದ್ಧವೂ ಎಚ್ಚರಿಕೆ ನೀಡಿತು. ಜಾಮೀನು ದೊರೆತ ದಿನ ಆದೇಶದ ಪ್ರತಿ ಹಿಡಿದು ರೀಲ್ಸ್ ಮಾಡುವ ವಕೀಲರು 36ನೇ ನಿಯಮ ತಡೆಯಬಯಸಿದ ಕೃತ್ಯವನ್ನೇ ಹೊಸ ಸಾಧನದಲ್ಲಿ ಮಾಡುತ್ತಿದ್ದಾರೆ.

ಇದಕ್ಕಿಂತಲೂ ಗಂಭೀರವಾದುದು ವೃತ್ತಿ ಗೌಪ್ಯ, ಎಂದರೆ ಕಕ್ಷಿದಾರರು ನಂಬಿ ಹೇಳಿದ್ದನ್ನು ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಗೆಡಹದಿರುವ ಹೊಣೆ. 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಮಿನಲ್ಲಿದ್ದ ಈ ತತ್ತ್ವವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿ ಮುಂದುವರಿದಿದ್ದು, ವಕಾಲತ್ತು ಮುಗಿದ ಮೇಲೂ ವಕೀಲರನ್ನು ಬಂಧಿಸುತ್ತದೆ. ಹೆಸರು ಮರೆಮಾಚಿದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ತಾಲೂಕು ಕೇಂದ್ರವೊಂದರ ವಿಚ್ಛೇದನದ ದಾವೆಯಲ್ಲಿ ಊರು, ಉದ್ಯೋಗ, ಮಕ್ಕಳ ವಯಸ್ಸು ಹೇಳಿದರೆ ವ್ಯಕ್ತಿ ಯಾರೆಂದು ಇಡೀ ಊರಿಗೆ ತಿಳಿಯುತ್ತದೆ. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಯಲಾದರಂತೂ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯಿದೆಯ 23ನೇ ಕಲಮು ಅನ್ವಯಿಸುತ್ತವೆ. ಆದ್ದರಿಂದ ವಾಟ್ಸ್‌ಆ್ಯಪ್ ಗುಂಪಿಗೆ ಎಫ್‌ಐಆರ್ ಪ್ರತಿ ಹಾಕುವ ಮುನ್ನ ವಕೀಲರು ಅದರ ಪ್ರತಿ ಸಾಲನ್ನೂ ಓದಿರಬೇಕು.

ಮೂರನೆಯದು ನ್ಯಾಯಾಲಯದ ಘನತೆ. 1971ರ ನ್ಯಾಯಾಂಗ ನಿಂದನಾ ಅಧಿನಿಯಮದ 5ನೇ ಕಲಮು ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣಾವಗುಣಗಳ ನ್ಯಾಯಯುತ ವಿಮರ್ಶೆಯನ್ನು ನಿಂದನೆಯೆಂದು ಪರಿಗಣಿಸುವುದಿಲ್ಲ. ಆದರೆ ವಿಚಾರಣೆಯಲ್ಲಿರುವ ತಮ್ಮದೇ ಪ್ರಕರಣದ ಕುರಿತು ಲೋಕಾಭಿಪ್ರಾಯ ರೂಪಿಸಲು ಹೊರಡುವುದು ಬೇರೆಯೇ ಸಂಗತಿ. 2018ರಲ್ಲಿ ಸುಪ್ರೀಂ ಕೋರ್ಟು ನೇರಪ್ರಸಾರದ ತತ್ತ್ವವನ್ನು ಎತ್ತಿಹಿಡಿದ ಬಳಿಕ ಕರ್ನಾಟಕ ಹೈಕೋರ್ಟು ಅದಕ್ಕೆ ನಿಯಮಗಳನ್ನು ರೂಪಿಸಿ, ಅನುಮತಿಯಿಲ್ಲದೆ ಕಲಾಪವನ್ನು ರೆಕಾರ್ಡ್ ಮಾಡಿ ಹಂಚುವುದನ್ನು ನಿರ್ಬಂಧಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಇದೇ ಹೈಕೋರ್ಟಿನ ಕಲಾಪದ ತುಣುಕುಗಳು ಹರಡಿದಾಗ ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡು ಸಂಯಮದ ಅಗತ್ಯವನ್ನು ಒತ್ತಿ ಹೇಳಿತಾದರೂ, ನೇರಪ್ರಸಾರ ನಿಲ್ಲಿಸುವುದು ಪರಿಹಾರವಲ್ಲವೆಂದೂ ಸ್ಪಷ್ಟಪಡಿಸಿತು.

ಈ ಸಂಯಮವನ್ನು ಮೌನವೆಂದು ಭಾವಿಸಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರೆಂಬ ಸಂಗತಿಯನ್ನು ಸರಳ ಕನ್ನಡದಲ್ಲಿ ತಿಳಿಸುವ ಐದು ನಿಮಿಷದ ವೀಡಿಯೊ ದೊಡ್ಡ ಸಮಾಜಸೇವೆಯೇ ಸರಿ. ಕೇಳುಗರಿಗೆ ತಮ್ಮ ಹಕ್ಕು ತಿಳಿಯಿತೇ, ಅಥವಾ ವಕೀಲರ ದೂರವಾಣಿ ಸಂಖ್ಯೆಯಷ್ಟೇ ತಲುಪಿತೇ ಎಂಬ ಪ್ರಶ್ನೆಯೇ ಕಾನೂನು ಅರಿವನ್ನೂ ಪ್ರಚಾರವನ್ನೂ ಬೇರ್ಪಡಿಸುವ ಒರೆಗಲ್ಲು.

ತಪ್ಪಿದವರಿಗೆ ವಕೀಲರ ಅಧಿನಿಯಮದ 35ನೇ ಕಲಮು ವಾಗ್ದಂಡನೆಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆ ವಿಧಿಸುತ್ತದೆ. ಆದರೆ ಶಿಕ್ಷೆ ಬರುವ ವೇಳೆಗೆ ಕಕ್ಷಿದಾರರ ಮಾನ ಹೋಗಿರುತ್ತದೆ. ಆದುದರಿಂದ ತಾಲೂಕು ವಕೀಲರ ಸಂಘಗಳೂ ಕಾನೂನು ಕಾಲೇಜುಗಳೂ ಒಟ್ಟಾಗಿ, ಹೊಸದಾಗಿ ಸನ್ನದು ಪಡೆಯುವ ಪ್ರತಿಯೊಬ್ಬರ ಕೈಗೂ ತಲುಪುವಂಥ ಕನ್ನಡದ ನೀತಿಸಂಹಿತೆಯೊಂದನ್ನು ಸಿದ್ಧಪಡಿಸಲಿ, ಅದರ ಮೊದಲ ಕರಡು ಈ ಸಂಕಿರಣದಲ್ಲೇ ರೂಪುಗೊಳ್ಳಲಿ.