ಅಲೆಯೊಳಗಿನ ಚಿತ್ರ

(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಈ ಗಡಿನಾಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಶಂಕೆ ಸುಳಿಯುವುದುಂಟು: ನಮ್ಮ ನುಡಿಯಲ್ಲಿ ಕಲಿತ ಗಣಿತವು ಇಂದಿನ ಯಂತ್ರಗಳ ಮುಂದೆ ನಿಂತೀತೆ? ಇದಕ್ಕೆ ಉಪದೇಶಕ್ಕಿಂತ ಉದಾಹರಣೆಯಿಂದ ಉತ್ತರ ಕೊಡುವುದು ಲೇಸೆಂದು ನನ್ನ ಭಾವನೆ. ಉಪಗ್ರಹವೊಂದು ಕಳುಹಿಸಿದ ಅಲೆಯನ್ನು, ಅಂಗೈಯಲ್ಲಿ ಅಡಗುವ ಯಂತ್ರದಿಂದ ಬಿಡಿಸಿ ಓದುವ ಬಗೆಯೇ ಆ ಉದಾಹರಣೆ.

1963ರ ಡಿಸೆಂಬರಿನಲ್ಲಿ ಅಮೆರಿಕವು ಹಾರಿಸಿದ ಟೈರೋಸ್-8 ಎಂಬ ಉಪಗ್ರಹವು, ತಾನು ಕಂಡ ಮೋಡಗಳ ಚಿತ್ರವನ್ನು ಕೆಳಗೆ ಸಾಧನವುಳ್ಳ ಯಾರು ಬೇಕಾದರೂ ಪಡೆಯುವಂತೆ ಬಿತ್ತರಿಸುವ ಪದ್ಧತಿಯನ್ನು ಪ್ರಯೋಗಿಸಿ ತೋರಿಸಿತು. ಅದೇ ಪರಂಪರೆಯ ನೋವಾ-15, ನೋವಾ-18, ನೋವಾ-19 ಎಂಬ ಉಪಗ್ರಹಗಳು 2025ರಲ್ಲಿ ನಿವೃತ್ತವಾದವು. ಆದರೆ ಅವುಗಳ ದನಿಯನ್ನು ಹವ್ಯಾಸಿಗಳು ಮುದ್ರಿಸಿ ಉಳಿಸಿದ್ದಾರೆ. ನಮ್ಮ ಅಭ್ಯಾಸಕ್ಕೆ ಅಷ್ಟು ಸಾಕು.

ಆ ಮುದ್ರಣವನ್ನು ಕೇಳಿದರೆ ಒಂದೇ ಶ್ರುತಿಯ ನಾದವು ಕಿವಿಗೆ ಬೀಳುತ್ತದೆ. ಅದು ಸೆಕೆಂಡಿಗೆ 2400 ಬಾರಿ ಕಂಪಿಸುವ ವಾಹಕ ತರಂಗ. ಶ್ರುತಿಪೆಟ್ಟಿಗೆಯ ತಿದಿಯನ್ನು ಬಲವಾಗಿ ಒತ್ತಿದರೆ ಶ್ರುತಿ ಬದಲಾಗದೆ ದನಿ ಮಾತ್ರ ಏರುವುದಲ್ಲವೆ? ಹಾಗೆಯೇ ಇಲ್ಲಿ ಬಿಳಿಯ ಮೋಡ ಬಂದಲ್ಲಿ ನಾದ ಏರುತ್ತದೆ, ಕಪ್ಪು ಕಡಲು ಬಂದಲ್ಲಿ ಇಳಿಯುತ್ತದೆ. ಹೀಗೆ ಅಲೆಯ ಮೇಲೆ ಸುದ್ದಿಯನ್ನು ಹೇರುವುದು ಮಾಡ್ಯುಲೇಶನ್. ಹೇರಿದ್ದನ್ನು ಇಳಿಸಿಕೊಳ್ಳುವುದು ಡಿಮಾಡ್ಯುಲೇಶನ್. ಚಿತ್ರದ ಎರಡು ಸಾಲುಗಳು ಒಂದು ಸೆಕೆಂಡಿನಲ್ಲಿ ಬರುತ್ತವೆ; ಪ್ರತಿ ಸಾಲಿನಲ್ಲಿ 2080 ಬಿಂದುಗಳಿವೆ.

ಹಳೆಯ ರೇಡಿಯೋಗಳಲ್ಲಿ ಈ ಇಳಿಸುವ ಕೆಲಸವನ್ನು ಒಂದು ಡಯೋಡ್ ಮತ್ತು ಒಂದು ಕೆಪಾಸಿಟರ್ ಮಾಡುತ್ತಿದ್ದುವು. ಅಲ್ಲಿ ವಾಹಕದ ವೇಗವು ಮಾತಿನ ಅಥವಾ ಹಾಡಿನ ವೇಗಕ್ಕಿಂತ ಬಹುಪಾಲು ಹೆಚ್ಚು. ಇಲ್ಲಿಯಾದರೋ ಚಿತ್ರದ ಏರಿಳಿತವೇ ಸೆಕೆಂಡಿಗೆ 2080ರವರೆಗೆ ಹೋಗಬಲ್ಲದು; ವಾಹಕವು 2400 ಮಾತ್ರ. ಎರಡೂ ಇಷ್ಟು ಸಮೀಪವಿರುವಾಗ ಆ ಉಪಾಯದಿಂದ ಚಿತ್ರ ಮಸುಕಾಗುತ್ತದೆ. ಆದುದರಿಂದ ಲೆಕ್ಕದ ಮೊರೆ ಹೋಗಬೇಕು.

ಲೆಕ್ಕ ಮಾಡುವುದು ಆರ್ಡುಯಿನೋ ಊನೋ ಹಲಗೆಯ ಮೇಲಿರುವ ಎಟಿಮೆಗಾ-328 ಎಂಬ ಮೈಕ್ರೋಕಂಟ್ರೋಲರು. ಅದು ಸೊನ್ನೆಯಿಂದ 5 ವೋಲ್ಟಿನವರೆಗಿನ ವಿದ್ಯುತ್ತನ್ನು ಅಳೆದು 0ಯಿಂದ 1023ರವರೆಗಿನ ಒಂದು ಸಂಖ್ಯೆಯನ್ನಾಗಿ ಹೇಳುತ್ತದೆ. ನಾದದ ಅಲೆಯು ಸೊನ್ನೆಯ ಕೆಳಗೂ ಇಳಿಯುವುದರಿಂದ, ಎರಡು ಸಮಾನ ರೆಸಿಸ್ಟರುಗಳ ನೆರವಿನಿಂದ ಅದನ್ನು ಎರಡೂವರೆ ವೋಲ್ಟಿನಷ್ಟು ಮೇಲಕ್ಕೆತ್ತಿ ಕೊಡಬೇಕು. ಬಂದ ಸಂಖ್ಯೆಯಿಂದ 512ನ್ನು ಕಳೆದರೆ ಅಲೆಯ ನಿಜವಾದ ಎತ್ತರ ದೊರೆಯುತ್ತದೆ.

ಈಗ ಯುಕ್ತಿಯನ್ನು ಗಮನಿಸಿರಿ. ಸೆಕೆಂಡಿಗೆ 9600 ಬಾರಿ, ಎಂದರೆ ಪ್ರತಿ ಕಂಪನಕ್ಕೆ ಸರಿಯಾಗಿ ನಾಲ್ಕು ಬಾರಿ ಅಳೆಯಬೇಕು. ಅಲೆಯನ್ನು ತಿರುಗುವ ಸೈಕಲ್ ಚಕ್ರದ ಒಂದು ಕಡ್ಡಿಯ ತುದಿಯೆಂದು ಭಾವಿಸಿರಿ. ಅಚ್ಚಿನಿಂದ ಆ ತುದಿಯ ಎತ್ತರ ಒಂದು ಅಳತೆ. ಚಕ್ರವು ಕಾಲು ಸುತ್ತು ತಿರುಗಿದಾಗ, ಮೊದಲು ಅಡ್ಡಲಾಗಿದ್ದ ದೂರವೇ ಎತ್ತರವಾಗಿ ನಿಲ್ಲುತ್ತದೆ. ಅದು ಎರಡನೆಯ ಅಳತೆ. ಈ ಎರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳಾದರೆ, ಕಡ್ಡಿಯೇ ವಿಕರ್ಣ. ಕಡ್ಡಿಯ ಉದ್ದವೇ ನಮಗೆ ಬೇಕಾದ ನಾದದ ಬಲ, ಅದೇ ಚಿತ್ರದ ಬೆಳಕು!

ಯಂತ್ರವು 812, 912 ಎಂದು ಹೇಳಿತೆನ್ನಿ. 512ನ್ನು ಕಳೆದರೆ 300 ಮತ್ತು 400. ವರ್ಗಗಳ ಮೊತ್ತ 2,50,000, ವರ್ಗಮೂಲ 500. ಅಳೆಯುವ ಕ್ಷಣವು ಬೇರೆಯಾಗಿ, ಅದೇ ಬೆಳಕಿಗೆ ಅದು 992, 652 ಎಂದು ಹೇಳಿದ್ದರೆ? ಉಳಿಯುವುದು 480 ಮತ್ತು 140. ವರ್ಗಮೂಲ ಮತ್ತೆ 500. ಅಲೆಯನ್ನು ಎಲ್ಲಿ ಹಿಡಿದರೂ ಬೆಳಕು ಒಂದೇ. ಬೆಳಕು ಒಂದು ಅಳತೆಯಿಂದ ಮುಂದಿನದಕ್ಕೆ ಬಹಳ ಬದಲಾಗದಿರುವವರೆಗೆ ಈ ಲೆಕ್ಕ ಸರಿಹೋಗುತ್ತದೆ. ಅಳೆಯುವ ಗಡಿಯಾರ ತಪ್ಪಿದರೆ ಮಾತ್ರ ಕಾಲು ಸುತ್ತು ಕಾಲಾಗಿ ಉಳಿಯದೆ, ಚಿತ್ರದಲ್ಲಿ ಗೆರೆಗಳು ಮೂಡುತ್ತವೆ.

ಈ ಯಂತ್ರದ ಬಡತನವನ್ನೂ ನೋಡಿರಿ. ಅದರ ಕಾರ್ಯಸ್ಮೃತಿಯಲ್ಲಿ 2048 ಬೈಟುಗಳಿಗೆ ಮಾತ್ರ ಸ್ಥಳ. ಬಿಂದುವಿಗೊಂದು ಬೈಟಿನಂತೆ 2080 ಬಿಂದುಗಳ ಒಂದು ಸಾಲು ಕೂಡ ಅದರಲ್ಲಿ ಹಿಡಿಯದು. ಆದುದರಿಂದ ಲೆಕ್ಕ ಮುಗಿದಂತೆಲ್ಲ ಫಲವನ್ನು ಕಂಪ್ಯೂಟರಿಗೆ ದಾಟಿಸುತ್ತಿರಬೇಕು. ಅದರ ಗಡಿಯಾರವು ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುವುದರಿಂದ, ಎರಡು ಅಳತೆಗಳ ನಡುವೆ ಸುಮಾರು 1660 ಮಿಡಿತಗಳ ಬಿಡುವಿದೆ. ಜಾಣತನದಿಂದ ಬರೆದ ಲೆಕ್ಕಕ್ಕೆ ಅದು ಸಾಲುತ್ತದೆ. ಬಡ ಯಂತ್ರಕ್ಕೂ ದಾರಿಯನ್ನು ತೋರಿಸುವುದು ಗಣಿತ.

ಮಹನೀಯರೆ, ಹಲಗೆಯ ಮೇಲಿನ ಹೆಸರುಗಳೂ ಅದಕ್ಕೆ ಕೊಡುವ ಆಜ್ಞೆಗಳೂ ಇಂಗ್ಲಿಷಿನವು. ಅವನ್ನು ನಮ್ಮ ಮಕ್ಕಳು ಕಲಿಯಲೇಬೇಕು, ಕಲಿಯುತ್ತಾರೆ. ಆದರೆ ಬೀಗದ ಕೈ ಆ ಹೆಸರುಗಳಲ್ಲಿಲ್ಲ. ಅದು ಲಂಬಕೋನ ತ್ರಿಭುಜದಲ್ಲಿದೆ. ಆ ಪಾಠವನ್ನು ಈ ಶಾಲೆಯ ಕರಿಹಲಗೆಯ ಮೇಲೆ ಕನ್ನಡದಲ್ಲಿಯೇ ಬರೆಯುತ್ತಾರೆ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತು. ಮುಂದೆ ಅದು ಭಾರತಕ್ಕೆಲ್ಲ ಸಂದ ಹೆಸರಾಯಿತು. ಹೊಸ ವಿದ್ಯೆಗೆ ನಮ್ಮವರು ಅಂದು ಅಳುಕಲಿಲ್ಲ.

ವಿದ್ಯಾರ್ಥಿ ಮಿತ್ರರೆ, ಪ್ರಮೇಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯದಿರಿ. ಒಂದು ಸಾಲು ಮೋಡವನ್ನಾದರೂ ನೀವೇ ಬಿಡಿಸಿ, ಮನೆಯವರಿಗೆ ಅದನ್ನು ಕನ್ನಡದಲ್ಲಿ ವಿವರಿಸಿರಿ. ಪೋಷಕರ ಶಂಕೆಗೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೊಡಲಾರೆ.