ಗಿರಿಪಥದಲ್ಲಿ ಹಳೆಯ ರಥ

ಪಂದ್ಯವೆಂದೊಡನೆ ನಾವು ವೇಗವನ್ನೇ ನೆನೆಯುತ್ತೇವೆ. ಆದರೆ ಹಲವು ದಿನಗಳ ಕಾಲ ಬೆಟ್ಟದ ದಾರಿಯಲ್ಲಿ ನಡೆಯುವ ಮೋಟಾರು ಪಂದ್ಯದಲ್ಲಿ ವೇಗಕ್ಕಿಂತ ತಾಳಿಕೆಯೇ ಹಿರಿದು. ಆಸ್ಟ್ರಿಯಾದ ಆಲ್ಪ್ಸ್ ಯಾತ್ರೆ ಇದಕ್ಕೆ ನಿದರ್ಶನವಾಗಿದೆ.

1912ರಲ್ಲಿ ಜೇಮ್ಸ್ ರಾಡ್ಲಿ ಎಂಬಾತನು ತನ್ನ ರೋಲ್ಸ್ ರಾಯ್ಸ್ ‘ಸಿಲ್ವರ್ ಘೋಸ್ಟ್’ ಗಾಡಿಯನ್ನು ಅಲ್ಲಿಗೆ ಒಯ್ದನು. ಅದಕ್ಕಿದ್ದುದು ಮೂರೇ ಗಿಯರು. ಕಾಚ್‌ಬೆರ್ಗ್ ಘಟ್ಟದ ಕಡಿದಾದ ಏರಿನಲ್ಲಿ ಗಾಡಿ ನಿಂತಿತು. ಒಳಗಿದ್ದವರನ್ನು ಇಳಿಸಿದ ಮೇಲೆಯೇ ಮುಂದೆ ಸಾಗಿತು. ಕಾರ್ಖಾನೆಯವರು ಈ ಸೋಲನ್ನು ಪಾಠವಾಗಿ ಗ್ರಹಿಸಿದರು. ನಾಲ್ಕು ಗಿಯರುಗಳನ್ನು ಅಳವಡಿಸಿ 1913ರಲ್ಲಿ ಮರಳಿ ಬಂದರು. ಅದೇ ಘಟ್ಟವನ್ನು ಗೆದ್ದರು.

ಏರಿಗಿಂತಲೂ ಇಳಿತವೇ ಕಠಿನ. ಆ ಕಾಲದ ಗಾಡಿಯ ಬ್ರೇಕು ತಡೆಯುತ್ತಿದ್ದುದು ಹಿಂದಿನ ಚಕ್ರಗಳನ್ನು ಮಾತ್ರ. ಅದನ್ನೇ ನೆಚ್ಚಿ ಇಳಿದರೆ ಕಾದು ಹಿಡಿತ ತಪ್ಪುತ್ತದೆ. ಆದುದರಿಂದ ಇಳಿಜಾರು ಮೊದಲಾಗುವ ಮುನ್ನವೇ ಕೆಳಗಿನ ಗಿಯರಿಗೆ ಬಂದು, ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವಂತೆ ಮಾಡಬೇಕು. ಹಲ್ಲುಚಕ್ರಗಳ ವೇಗವನ್ನು ಚಾಲಕನು ಕಿವಿಯಿಂದಲೇ ಅಳೆದು ಸರಿದೂಗಿಸಬೇಕು. ನಡುದಾರಿಯಲ್ಲಿ ಅದು ತಪ್ಪಿದರೆ ಪಕ್ಕದಲ್ಲೇ ಪ್ರಪಾತ.

1973ರಲ್ಲಿಯೂ 2013ರಲ್ಲಿಯೂ ಹಳೆಯ ಸಿಲ್ವರ್ ಘೋಸ್ಟ್ ಗಾಡಿಗಳು ಆ ಯಾತ್ರೆಯ ನೆನಪಿಗಾಗಿ ಮತ್ತೆ ಆಲ್ಪ್ಸ್ ಪರ್ವತವನ್ನು ಹತ್ತಿದುವು. ಇಂಥ ಅಮೂಲ್ಯ ವಸ್ತುವನ್ನು ಅಪಾಯಕ್ಕೆ ಒಡ್ಡಬಹುದೆ ಎಂದು ಕೇಳುವವರುಂಟು. ಗಾಜಿನ ಮರೆಯಲ್ಲಿ ಲೋಹವು ಉಳಿಯುತ್ತದೆ, ನಿಜ. ಅದನ್ನು ನಡೆಸುವ ವಿದ್ಯೆ ಉಳಿಯದು. ವೀಣೆಯನ್ನು ನುಡಿಸದೆ ಇಟ್ಟರೆ ನಾದವನ್ನು ಕಾಪಾಡಿದಂತಾಯಿತೆ? ಯಂತ್ರವನ್ನೂ ಅದರ ವಿದ್ಯೆಯನ್ನೂ ಒಟ್ಟಿಗೇ ಮುಂದಿನವರಿಗೆ ಒಪ್ಪಿಸಬೇಕೆಂಬುದು ನಮ್ಮ ಮತ.