ದೋಣಿಗಾಡಿಯ ಭಾರ ಹದಗೊಳಿಸಿರಿ

(ಹಳೇ ಹುಬ್ಬಳ್ಳಿಯಲ್ಲಿ ಕೆರೆಮೀನು ಸಾಕುವ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೆರೆಯನ್ನು ಗುತ್ತಿಗೆ ಹಿಡಿದು ಕಾಟ್ಲಾ, ರೋಹು, ಮೃಗಾಲ್ ಮೀನು ಬೆಳೆಸುವ ನಿಮಗೆ ದೋಣಿಯ ಉಪಯೋಗವನ್ನು ನಾನು ಹೇಳಬೇಕಾಗಿಲ್ಲ. ಹರಿಗೋಲಾದರೆ ಹೊತ್ತು ಒಯ್ಯಬಹುದು. ತಗಡಿನ ಇಲ್ಲವೆ ಫೈಬರಿನ ದೋಣಿಗೆ ಗಾಡಿ ಬೇಕೇ ಬೇಕು. ಒಂದೇ ದೋಣಿಯಿಂದ ಎರಡು ಮೂರು ಕೆರೆಗಳ ಕೆಲಸ ಸಾಗಿಸುವವರು ಅದನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ದಾರಿಯಲ್ಲಿ ಆಗದ ತೊಂದರೆ ದಂಡೆಯಲ್ಲಿ ಆಗುತ್ತದೆ. ಗಾಲಿ ಎರೆಮಣ್ಣಿನಲ್ಲಿ ಹೂಳುತ್ತದೆ. ದೋಣಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ನಾಲ್ಕಾಳು ನೂಕಿದರೂ ಅಲುಗುವುದಿಲ್ಲ. ಇನ್ನೆರಡು ಆಳು ಕರೆಯುವುದು ಇದಕ್ಕೆ ಮದ್ದಲ್ಲ. ಗಾಡಿಯನ್ನು ಹದಗೊಳಿಸಬೇಕು.

ಮುಂಭಾರ, ಹಿಂಭಾರ

ಚಕ್ಕಡಿ ಹೇರುವಾಗ ನಮ್ಮ ಹಿರಿಯರು ಮೊದಲು ನೋಡುತ್ತಿದ್ದುದು ಇದನ್ನೇ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಟ್ರ್ಯಾಕ್ಟರಿಗೆ ಹೆಗಲು ನೋಯುವುದಿಲ್ಲವಾದ್ದರಿಂದ ನಾವು ಆ ಪಾಠವನ್ನು ಮರೆತಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂದು ಕೆರೆಯ ದಂಡೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ದೋಣಿಯ ಹಿಂಬದಿಯಲ್ಲಿ ಒದ್ದೆ ಬಲೆ, ತಳದಲ್ಲಿ ನೀರು. ಹುಡುಗನೊಬ್ಬ ಬಗ್ಗಿ ಜೋಡಣೆಯ ಪಿನ್ನನ್ನು ಕಿತ್ತ. ಕೂಡಲೆ ಗಾಡಿಯ ಮುಂತುದಿ ಚಿಮ್ಮಿ ಅವನ ಬಾಯಿಗೆ ಬಡಿಯಿತು. ಎರಡು ಹಲ್ಲು ಹೋದವು. ಸ್ವಲ್ಪ ಮೇಲೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು.

ಆದ್ದರಿಂದ ಮೊದಲು ತೂಕ ನೋಡಿರಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂತುದಿಯ ಕೆಳಗೆ ತೂಕದ ಯಂತ್ರವಿಡಿರಿ. ಒಟ್ಟು ಭಾರದ ಹತ್ತರಲ್ಲೊಂದು ಪಾಲು ಅಲ್ಲಿ ಬೀಳಬೇಕು. ದೋಣಿ ೧೫೦ ಕಿಲೊ, ಗಾಡಿ ೧೦೦ ಕಿಲೊ ಆದರೆ ಮುಂತುದಿಯಲ್ಲಿ ೨೫ ಕಿಲೊ. ಕಡಿಮೆ ಇದ್ದರೆ ದೋಣಿಯ ಮೂತಿಗೆ ಆನಿಸುವ ಗೂಟವನ್ನು ಮುಂದೆ ಸರಿಸಿ ದೋಣಿಯನ್ನೂ ಮುಂದೆ ಕೂಡ್ರಿಸಿರಿ. ಅಚ್ಚಿನಿಂದ ಮುಂತುದಿಗೆ ೩ ಮೀಟರು ಉದ್ದವಿದ್ದಲ್ಲಿ, ಈ ದೋಣಿಯನ್ನು ೧೦ ಸೆಂಟಿಮೀಟರು ಮುಂದೆ ತಂದರೆ ಅಲ್ಲಿ ೫ ಕಿಲೊ ಹೆಚ್ಚುತ್ತದೆ. ದೋಣಿಯನ್ನು ಸರಿಸಲು ಜಾಗವಿಲ್ಲದಿದ್ದರೆ ಮಾತ್ರ ಬೋಲ್ಟು ಸಡಿಲಿಸಿ ಅಚ್ಚನ್ನು ಹಿಂದಕ್ಕೆ ಒಯ್ಯಬೇಕು.

ತಳದ ನೀರನ್ನು ಹಗುರವೆಂದು ತಿಳಿಯಬೇಡಿರಿ. ಅಚ್ಚಿನಿಂದ ಒಂದೂವರೆ ಮೀಟರು ಹಿಂದೆ ೪೦ ಲೀಟರು ನೀರು ನಿಂತರೆ ಮುಂತುದಿಯ ೨೦ ಕಿಲೊ ಭಾರವನ್ನು ಅದು ಕಳೆಯುತ್ತದೆ. ಬೂಚು ತೆಗೆದು ನೀರು ಬಸಿಯಿರಿ. ಬಲೆಯನ್ನೂ ಮೀನಿನ ಬುಟ್ಟಿಯನ್ನೂ ದೋಣಿಯಲ್ಲಿ ಬಿಡಬೇಡಿರಿ.

ಗಾಡಿಯ ಎತ್ತರ

ಖಾಲಿ ದೋಣಿ ತೇಲಲು ಗೇಣು ನೀರು ಸಾಕು. ಹೆಚ್ಚು ಆಳ ಬೇಡುವುದು ದೋಣಿಯಲ್ಲ, ಗಾಡಿಯ ಎತ್ತರ. ದೋಣಿಯನ್ನು ಹೊರುವ ಹಲಗೆಗಳನ್ನು ಅಚ್ಚಿಗೂ ಗಾಲಿಗೂ ತಾಗದಷ್ಟು ಮಟ್ಟಿಗೆ ಕೆಳಗಿಳಿಸಿರಿ. ಏಳಡಿಗೆ ಒಂದಡಿ ಇಳಿಜಾರಿನ ದಂಡೆಯಲ್ಲಿ ಹಲಗೆಯನ್ನು ೧೦ ಸೆಂಟಿಮೀಟರು ಇಳಿಸಿದರೆ ಗಾಡಿಯನ್ನು ೭೦ ಸೆಂಟಿಮೀಟರು ಕಡಿಮೆ ಹಿಂದಕ್ಕೆ ಒಯ್ದರೆ ಸಾಕು. ಟ್ರ್ಯಾಕ್ಟರಿನ ಗಾಲಿ ಕೆಸರಿಗಿಳಿಯದೆ ಗಟ್ಟಿ ನೆಲದಲ್ಲೇ ಉಳಿಯುತ್ತದೆ.

ಹಲಗೆಗಳ ಮೇಲೆ ದಪ್ಪ ಚಾಪೆ ಹೊದಿಸಿರಿ. ಮೊಳೆಯ ತಲೆ ಮೇಲೆ ಕಾಣಬಾರದು. ದೋಣಿಯ ಹಿಂಗೋಡೆಯ ಕೆಳಗೂ ಆಸರೆ ಇರಬೇಕು, ಇಲ್ಲದಿದ್ದರೆ ತಳ ಬಾಗುತ್ತದೆ. ಗಾಡಿಯ ಹಿಂತುದಿಯಲ್ಲಿ ಒಂದು ರಬ್ಬರು ಉರುಳೆ ಇದ್ದರೆ ದೋಣಿ ಸುಲಭವಾಗಿ ಜಾರುತ್ತದೆ. ಎರಡು ಮಗ್ಗುಲಿಗೂ ಎದೆಮಟ್ಟದ ಪೈಪು ನಿಲ್ಲಿಸಿರಿ. ಗಾಳಿ ಬೀಸಿದರೂ ದೋಣಿ ನಡುವೆಯೇ ಬಂದು ಕೂಡುತ್ತದೆ. ಇವೆಲ್ಲ ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ.

ಇಳಿಸುವಾಗ, ಏರಿಸುವಾಗ

ಏರಿಯನ್ನು ಕಡಿದು ದಾರಿ ಮಾಡಬೇಡಿರಿ. ಏರಿ ದುರ್ಬಲವಾದರೆ ಕೆರೆಗೇ ಅಪಾಯ. ಕೆರೆಯ ಪಕ್ಕದ ದಂಡೆಯಲ್ಲಿ, ಸಂಬಂಧಪಟ್ಟವರ ಅನುಮತಿ ಪಡೆದು, ಗರಸು ಹಾಕಿ ದಾರಿ ಗಟ್ಟಿಮಾಡಿರಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಗರಸನ್ನೂ ಮುಂದುವರಿಸಬೇಕು.

ಓಡಿ ಬಂದ ಗಾಡಿಯ ಬೇರಿಂಗು ಬಿಸಿಯಾಗಿರುತ್ತದೆ. ಕೂಡಲೆ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಒಂದಿಷ್ಟು ಹೊತ್ತು ಆರಲು ಬಿಡಿರಿ. ಆಗಾಗ ಗ್ರೀಸು ತುಂಬಿರಿ. ಬೂಚು ಹಾಕಿದೆಯೇ ಎಂದು ನೋಡಿಕೊಂಡು, ದೋಣಿಯ ಹಿಂಬದಿಯನ್ನು ಮೊದಲು ನೀರಿಗೆ ಕೊಡಿರಿ. ಮೂತಿಯ ಹಗ್ಗವನ್ನು ದೋಣಿ ತೇಲುವವರೆಗೂ ಬಿಚ್ಚಕೂಡದು.

ಮೇಲೆ ಏರಿಸುವಾಗ ಗಾಡಿಯನ್ನು ತೀರ ಆಳಕ್ಕೆ ಒಯ್ಯುವುದು ಸಾಮಾನ್ಯ ತಪ್ಪು. ಆಗ ದೋಣಿಯ ಹಿಂಬದಿ ತೇಲಾಡಿ ದೋಣಿ ಓರೆಯಾಗುತ್ತದೆ. ಹಲಗೆಗಳ ಮೂರರಲ್ಲಿ ಎರಡು ಪಾಲು ಮುಳುಗಿದರೆ ಸಾಕು. ಉಳಿದದ್ದನ್ನು ಕೈರಾಟೆಯಿಂದ ಎಳೆಯಿರಿ. ಬಿಗಿದ ಹಗ್ಗದ ನೇರಕ್ಕೂ, ಗಾಡಿಯ ಹಿಂದೆಯೂ ಯಾರೂ ನಿಲ್ಲಬಾರದು. ಮಕ್ಕಳನ್ನು ದಂಡೆಯಿಂದ ದೂರವಿಡಿರಿ. ನೀರಿಗಿಳಿಯುವವರು ಜೀವರಕ್ಷಕ ಜಾಕೀಟು ತೊಟ್ಟಿರಲಿ. ಪಿನ್ನು ಕೀಳುವ ಮೊದಲು ಮುಂತುದಿಯನ್ನು ಕೈಯಿಂದ ಎತ್ತಿ ನೋಡಿರಿ. ಭಾರವೆನಿಸಿದರೆ ಸರಿ, ಹಗುರಾಗಿ ಮೇಲೆ ಬಂದರೆ ಪಿನ್ನನ್ನು ಮುಟ್ಟಬೇಡಿರಿ.

ಕೊನೆಯದಾಗಿ ಒಂದು ಮಾತು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ನವಲಗುಂದದ ಕಡೆಯವರಿಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಅಬ್ಬರವೂ ಹೊಸದಲ್ಲ. ಕೆರೆಯ ಚಿಕ್ಕ ದೋಣಿ ಹರಿಯುವ ಪ್ರವಾಹಕ್ಕೆ ತಕ್ಕುದಲ್ಲ. ಸ್ವಂತ ಧೈರ್ಯದ ಮೇಲೆ ಇಳಿಯಬೇಡಿರಿ. ಆದರೆ ನೀರು ನಿಂತ ಓಣಿಯಿಂದ ಜನರನ್ನು ತರಲು ಅಗ್ನಿಶಾಮಕ ದಳದವರು ದೋಣಿ ಕೇಳಿದರೆ, ಅದು ಕೆಸರಿನಲ್ಲಿ ಸಿಕ್ಕಿಕೊಂಡು ನಿಂತಿರಬಾರದು. ಮಳೆಗಾಲಕ್ಕೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಮುಂಭಾರ ತೂಗಿರಿ, ಹಲಗೆ ಇಳಿಸಿರಿ, ಒಮ್ಮೆ ಇಳಿಸಿ ಏರಿಸಿ ನೋಡಿರಿ. ಇಬ್ಬರಿಂದ ಆ ಕೆಲಸ ಆಯಿತೆಂದರೆ ನಿಮ್ಮ ಗಾಡಿ ಹದಕ್ಕೆ ಬಂದಿದೆಯೆಂದು ತಿಳಿಯಿರಿ.